ಕೌದಿ ಹೊಲಿದೋರ ಹೆಸ್ರು ಎಲ್ಲಿ?

ಅಮೆರಿಕದ ಚಿತ್ರಕಲಾವಿದೆಯರು ಅಂದ್ರೆ ಜಾರ್ಜಿಯಾ ಓಕೀಫ್, ಮೇರಿ ಕಸಾಟ್ ಅಂತ ಹೇಳೋರೇ ಜಾಸ್ತಿ. ಹ್ಯೂಸ್ಟನ್‌ನಲ್ಲಿರೋ ನನ್ನನ್ನ ಕೇಳಿದ್ರೆ ಮೊದಲನೇ ಹೆಸ್ರು ಕ್ಲೆಮೆಂಟೈನ್ ಹಂಟರ್. ಪಕ್ಕದ ಲೂಸಿಯಾನಾದ ಮೆಲ್ರೋಸ್ ತೋಟದಲ್ಲಿ ಹತ್ತಿ ಬಿಡಿಸ್ತಾ ಬೆಳೆದು ಆಮೇಲೆ ಅಲ್ಲೇ ಅಡುಗೆ ಕೆಲಸಕ್ಕೆ ಸೇರಿದ ಕಪ್ಪು ಹೆಂಗಸು, ಓದು ಬರಹ ಬರ್ತಿರ್ಲಿಲ್ಲ, ಐವತ್ತರ ಹತ್ರ ಬಂದ್ಮೇಲೆ ಅಲ್ಲಿಗೆ ಬಂದಿದ್ದ ಕಲಾವಿದೆಯೊಬ್ರು ಬಿಟ್ಟುಹೋದ ಬಣ್ಣದಲ್ಲಿ ಚಿತ್ರ ಬರಿಯೋಕೆ ಶುರು ಮಾಡಿದ್ರು. ಹಗಲೆಲ್ಲಾ ದುಡಿದು ರಾತ್ರಿ ಕೂತು ಬರಿಯೋದು, ರಟ್ಟು ಸಿಕ್ರೆ ರಟ್ಟು, ಹಲಗೆ ಸಿಕ್ರೆ ಹಲಗೆ, ಬಾಟಲಿನೂ ಬಿಡ್ಲಿಲ್ಲ. ಬರೆದಿದ್ದೆಲ್ಲಾ ಅವ್ರ ಸುತ್ತಲಿನ ಬದುಕೇ, ಹತ್ತಿ ಹೊಲ, ಮದುವೆ, ಸಾವು, ಬಟ್ಟೆ ಒಗೆಯೋ ದಿನ, ಅದ್ರಲ್ಲಿ ಬೆಂಕಿ ಮೇಲೆ ಕುದಿಯೋ ಕರೀ ಹಂಡೆ, ಹಗ್ಗದ ಮೇಲೆ ಬಟ್ಟೆ. ಆ ಹೆಂಗಸರ ಸೊಂಟ ಬಗ್ಗಿರೋದು ನೋಡಿದ್ರೆ ಆ ಕೆಲಸ ಮಾಡಿದವ್ರೇ ಬರೆದಿದ್ದು ಅಂತ ಗೊತ್ತಾಗುತ್ತೆ, ದೂರ ನಿಂತು ನೋಡಿದವ್ರಿಗೆ ಅದು ಬರಲ್ಲ.

ಹಾಗಂತ ಅಮೆರಿಕ ಅವ್ರನ್ನ ಕೂಡ್ಲೇ ತಲೆ ಮೇಲೆ ಹೊತ್ಕೊಳ್ಳಲಿಲ್ಲ. 1955ರಲ್ಲಿ ಲೂಸಿಯಾನಾದ ಒಂದು ಕಾಲೇಜಲ್ಲಿ ಅವ್ರದ್ದೇ ಪ್ರದರ್ಶನ ನಡೀತಿದ್ರೂ ಬಿಳಿಯರ ಜೊತೆ ಒಳಗೆ ಹೋಗಿ ನೋಡೋ ಹಾಗಿರ್ಲಿಲ್ಲ, ತಮ್ಮ ಚಿತ್ರ ತಾವೇ ಕದ್ದುಮುಚ್ಚಿ ನೋಡ್ಬೇಕಾಯ್ತು, ಇದನ್ನ ಓದಿದಾಗ ನನಗೆ ಸಂಕಟ ಆಯ್ತು. ಅದೇ ಸಂಸ್ಥೆ 1986ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಅಲಬಾಮಾದ ಜೀಸ್ ಬೆಂಡ್ ಅನ್ನೋ ಹಳ್ಳಿಯ ಹೆಂಗಸರದ್ದು ಇನ್ನೊಂದು ಕಥೆ. ಮಿಸೌರಿ ಪೆಟ್‌ವೇ ಅನ್ನೋರು ಗಂಡ ತೀರಿಕೊಂಡ್ಮೇಲೆ 1942ರಲ್ಲಿ, ಅವ್ನು ಹೊಲಕ್ಕೆ ಹಾಕ್ತಿದ್ದ ಬಟ್ಟೆಗಳನ್ನ ಕತ್ತರಿಸಿ, ನೆನಪಿಗೆ ಇರ್ಲಿ ಅಂತ ಹೊದಿಕೆ ಹೊಲಿದ್ರು. ಆ ಹಳ್ಳಿಯವ್ರ ಹೊದಿಕೆಗಳ ದೊಡ್ಡ ಪ್ರದರ್ಶನ 2002ರಲ್ಲಿ ನಮ್ಮ ಹ್ಯೂಸ್ಟನ್ ಮ್ಯೂಸಿಯಂನಲ್ಲೇ ಶುರುವಾಯ್ತು, ಹೊಲಿದವ್ರ ಹೆಸ್ರು ವರ್ಷ ಸಮೇತ.

ಈಗ ನಮ್ಮ ಕಡೆ ನೋಡಿ. ಹಳೇ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯೋದು ಉತ್ತರ ಕರ್ನಾಟಕದವ್ರಿಗೆ ಹೊಸದಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರಂತೂ ಕವಂದಿನ (ಕೌದಿಗೆ ಅವ್ರು ಹೇಳೋ ಹೆಸ್ರು) ಅಂಚಿಂದ ಶುರು ಮಾಡಿ ಸುತ್ತ ಹೊಲಿತಾ ಹೊಲಿತಾ ನಡುವಿಗೆ ಬರ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಇಟ್ರೇನೇ ಅದು ಪೂರ್ತಿ. ಜೀಸ್ ಬೆಂಡ್ ಪಕ್ಕ ಇಟ್ರೆ ಒಂದು ಗುಲಗಂಜಿಯಷ್ಟೂ ಕಮ್ಮಿ ಇಲ್ಲ. ಆದ್ರೆ ಮೇಳಗಳಲ್ಲಿ ನಾನು ನೋಡಿದ ಚೀಟಿಗಳ ಮೇಲೆ ಇದ್ದಿದ್ದು ಜಿಲ್ಲೆ ಹೆಸ್ರು, ರೇಟು, ಅಷ್ಟೇ. ಸಾಗರದ ಕಡೆ ಹೆಂಗಸರು ಮನೆ ಗೋಡೆ ಮೇಲೆ ಬರಿಯೋ ಚಿತ್ತಾರಕ್ಕೂ ಹೆಚ್ಚೂಕಮ್ಮಿ ಇದೇ ಗತಿ. ಕೆಲವ್ರ ಹೆಸ್ರು ಹೊರಗೆ ಬಂದಿದೆ ನಿಜ, ಉಳಿದವ್ರೆಲ್ಲಾ ಬರೀ 'ಗ್ರಾಮೀಣ ಮಹಿಳೆಯರು'.

ಊರಿಂದ ಕೌದಿ ತರಿಸೋ ನಮ್ಮಂಥ ಹೊರನಾಡಿನವ್ರು ಚೌಕಾಸಿ ಮಾಡೋ ಮುಂಚೆ ಹೊಲಿದವ್ರು ಯಾರು ಅಂತ ಕೇಳೋಣ, ಗೊತ್ತಿಲ್ಲ ಅಂದ್ರೆ ತಿಳ್ಕೊಂಡು ಹೇಳಿ ಅಂತ ಪಟ್ಟು ಹಿಡಿಯೋಣ.