ದೊಡ್ಡಪ್ಪನ ಬಾಯಲ್ಲಿ ಚಮಕ ನಿಂತ ದಿನ

"ದೇವರ ಮೇಲೆ ನಂಬಿಕೆ ಅಲುಗಾಡಿದ ಅರ್ಚಕ ಇನ್ಯಾಕೆ ಪೂಜೆ ಮಾಡಬೇಕು, ದುಡ್ಡಿಗಾ?" ಮೊನ್ನೆ ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಒಬ್ಬರು ಕೇಳಿದರು. ಅಲ್ಲಿ ಸುಮ್ಮನಿದ್ದೆ. ಇಲ್ಲಿ ಹೇಳ್ತೀನಿ.

ಪಾಂಡವಪುರದ ಹತ್ತಿರ ನಮ್ಮೂರ ಈಶ್ವರನ ಗುಡಿಗೆ ದೊಡ್ಡಪ್ಪನೇ ಅರ್ಚಕರು. ಸರ್ಕಾರದ ಮುಜರಾಯಿ ಇಲಾಖೆಯ ಸಿ ದರ್ಜೆ, ಅಂದರೆ ಆದಾಯ ಕಡಿಮೆ ಇರೋ ದೇವಸ್ಥಾನ. ಪೂಜೆಗೆ ಅಂತ ಸರ್ಕಾರ ಕೊಡೋ ತಸ್ತೀಕ್ ವರ್ಷಕ್ಕೆ 60,000 ರೂಪಾಯಿ ಇದ್ದದ್ದು 2025-26ರ ಬಜೆಟ್ಟಿನಲ್ಲಿ 72,000 ಆಯಿತು. ತಿಂಗಳಿಗೆ 6,000. ದೀಪದ ಎಣ್ಣೆ, ಹೂವು, ನೈವೇದ್ಯದ ಅಕ್ಕಿ ಎಲ್ಲ ಅದರಲ್ಲೇ. ದುಡ್ಡಿಗಾ ಅಂದವರು ಈ ಲೆಕ್ಕ ಒಂದು ಸಲ ಹಾಕಿ ನೋಡಲಿ.

ದೊಡ್ಡಪ್ಪನ ಮಗ, ನನಗೆ ಅಣ್ಣ, ಬೈಕ್ ಅಪಘಾತದಲ್ಲಿ ಹೋದ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಅಸ್ಥಿ ಬಿಟ್ಟು, ಸೂತಕ ಕಳೆದು ದೊಡ್ಡಪ್ಪ ಮತ್ತೆ ಗುಡಿ ಬಾಗಿಲು ತೆಗೆದ ದಿನ ನೀರು ಸೇದಿಕೊಡೋಕೆ ನಾನೂ ಹೋಗಿದ್ದೆ. ಅಭಿಷೇಕದ ರುದ್ರ ಮಂತ್ರ ಮುಗೀತು. ಅದರ ಬೆನ್ನಿಗೆ ಹೇಳೋದು ಚಮಕ, ದೇವರ ಹತ್ತಿರ ಒಂದೊಂದನ್ನೇ ಬೇಡೋ ಮಂತ್ರ. ಅದರ ಮೂರನೇ ಅನುವಾಕದಲ್ಲಿ, ಅಂದರೆ ಮೂರನೇ ಭಾಗದಲ್ಲಿ, "ದೀರ್ಘಾಯುತ್ವಂ ಚ ಮೇ", ನನಗೆ ದೀರ್ಘಾಯುಸ್ಸು ಇರಲಿ ಅಂತ ಬರುತ್ತೆ. ಅಲ್ಲಿಗೆ ದೊಡ್ಡಪ್ಪನ ಬಾಯಿ ಕಟ್ಟಿತು. ಓರೆ ಹಿಡಿದ ಚೊಂಬಿನ ನೀರೆಲ್ಲ ಲಿಂಗದ ಮೇಲೆ ಹರಿದು ಬರಿದಾಯಿತು, ಕೈ ಇಳೀಲಿಲ್ಲ. ಆಮೇಲೆ ಜಗಲಿ ಮೇಲೆ ಕೂತು, "ಒಳಗೆ ಯಾರೂ ಇಲ್ಲ ಅನ್ನಿಸ್ತು ಕಣೋ" ಅಂದರು.

ಅದೇ ಹೊತ್ತಿಗೆ ಮೈಸೂರಿಂದ ಒಬ್ಬ ಜ್ಯೋತಿಷಿ ಬಂದ. ಗುಡಿಗೆ ಬರೋರ ಕಿವಿಗೆ ಸರ್ಪದೋಷ, ಶನಿಕಾಟ ಅಂತ ಒಂದು ಮಾತು ಹಾಕಿ ತನ್ನ ಹತ್ತಿರ ಕಳಿಸಿದರೆ ಶಾಂತಿಹೋಮದ ದುಡ್ಡಲ್ಲಿ ಅರ್ಧ ಕೊಡ್ತೀನಿ ಅಂದ. ಮನೆ ಮೇಲೆ ಸಾಲ ಇತ್ತು. ದೊಡ್ಡಪ್ಪ ಅವನ ಕಾರ್ಡನ್ನು ಪಂಚಾಂಗದೊಳಗೆ ಇಟ್ಟುಕೊಂಡರು. ಎರಡು ತಿಂಗಳು ಅಲ್ಲೇ ಇತ್ತು, ನಾನೇ ನೋಡಿದ್ದೀನಿ. ಇದನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡೋದು ನನಗೆ ಬೇಡ.

ಒಂದು ಸಂಜೆ ಒಬ್ಬ ಹೆಂಗಸು ಮಗು ಎತ್ತಿಕೊಂಡು ಬಂದಳು. "ಜ್ವರ ಬಿಡ್ತಾನೇ ಇಲ್ಲ ಸ್ವಾಮಿ, ಏನಾದ್ರೂ ದೋಷವಾ?" ದೊಡ್ಡಪ್ಪ ಪಂಚಾಂಗದ ಮೇಲೆ ಕೈಯಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು. "ಯಾವ ದೋಷಾನೂ ಇಲ್ಲ ಕಣವ್ವ. ಮಂಡ್ಯದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು" ಅಂದರು.

ಚಮಕ ದೀರ್ಘಾಯುಸ್ಸಿನ ಬೆನ್ನಿಗೇ "ಅಭಯಂ ಚ ಮೇ", ನನಗೆ ಭಯ ಇಲ್ಲದಿರಲಿ ಅಂತಾನೂ ಕೇಳುತ್ತೆ. ತನಗೇ ಸಿಗದ ಅಭಯವನ್ನು ದೊಡ್ಡಪ್ಪ ಆ ತಾಯಿಗೆ ಕೊಟ್ಟು ಕಳಿಸಿದರು. ನಂಬಿಕೆ ಗಟ್ಟಿಯಿದೆ ಅಂತ ಎದೆ ತಟ್ಟಿಕೊಂಡು ದೇವರ ಹೆಸರಲ್ಲಿ ಭಯ ಮಾರೋರನ್ನು ಎಷ್ಟು ಜನರನ್ನು ನೋಡಿಲ್ಲ ನಾವು? ಹಬ್ಬಕ್ಕೊಮ್ಮೆ ಗುಡಿಗೆ ಹೋಗೋ ನಮಗೇ ಸಾವಿರ ಅನುಮಾನ ಇರುವಾಗ, ಅರ್ಚಕರಿಗೆ ಒಂದೂ ಇರಬಾರದು ಅನ್ನೋಕೆ ನಾವ್ಯಾರು?

ಕಾರ್ತಿಕ ಸೋಮವಾರ ಊರಿಗೆ ಹೋಗಿದ್ದೆ. ಚಮಕದಲ್ಲಿ ಆ ಜಾಗಕ್ಕೆ ಬಂದಾಗ ದೊಡ್ಡಪ್ಪನ ದನಿ ಈಗಲೂ ತಗ್ಗುತ್ತೆ. ನಾನು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳ್ತೀನಿ. ಅವರು ಮುಂದಿನದಕ್ಕೆ ದನಿ ಸೇರಿಸ್ತಾರೆ.