ಹೆಬ್ಬಾತು ಮೇಯ್ದ ಕಡಲೆಯ ಲೆಕ್ಕ ಯಾರ ಹತ್ತಿರ?

ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಚಳಿಗಾಲ ಬಂತೆಂದರೆ ಹೈನು ರೈತರ ಬಾಯಲ್ಲಿ ಹೆಬ್ಬಾತಿನದೇ ಮಾತು. ರಷ್ಯಾದ ಉತ್ತರ ತುದಿಯಿಂದ ಹಿಂಡು ಹಿಂಡಾಗಿ ಹಾರಿ ಬರುತ್ತವೆ. ದನಕ್ಕೆಂದು ಬೆಳೆಸಿದ ಹುಲ್ಲನ್ನು ಬುಡಮಟ್ಟ ಮೇಯುತ್ತವೆ. ನಾನು ನೌಕರಿಗೆಂದು ಇಲ್ಲಿಗೆ ಬಂದವನು. ಊರು ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆ. ಹಾಗಾಗಿ ಇದು ನನಗೆ ಹೊಸ ಸುದ್ದಿ ಏನಲ್ಲ. ಆಲಮಟ್ಟಿ ಹಿನ್ನೀರು ಇಳಿಯತೊಡಗಿದರೆ ಹೆರಕಲ್, ಚಿಕ್ಕಸಂಗಮದ ಸುತ್ತ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ತೆಳುನೀರಿನಲ್ಲಿ ರಾಜಹಂಸಗಳು, ದಂಡೆಯ ಹೊಲಗಳಲ್ಲಿ ಹೆಬ್ಬಾತುಗಳು. ನಮ್ಮವು ಹುಲ್ಲಿನ ಜೊತೆ ಎಳೆ ಕಡಲೆಯನ್ನೂ ಬಿಡುವುದಿಲ್ಲ.

ಹಕ್ಕಿಗಳ ಸ್ವಭಾವದಲ್ಲಿ ಅಂಥ ಫರಕು ಇಲ್ಲ. ಫರಕು ಇರುವುದು ಮೇಯ್ದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ. ಇಲ್ಲಿ ರೈತ ಅರ್ಜಿ ಹಾಕುತ್ತಾನೆ. ಅಂದಾಜು ಮಾಡುವವರು ಹೊಲಕ್ಕೆ ಬಂದು ಎಷ್ಟು ಹುಲ್ಲು ಹೋಯಿತು ಎಂದು ಅಳೆಯುತ್ತಾರೆ. ಆಮೇಲೆ ಪ್ರಾಂತ್ಯದ ಸರಕಾರ ದುಡ್ಡು ಕೊಡುತ್ತದೆ. ಇಡೀ ದೇಶದಲ್ಲಿ ಇದಕ್ಕೆ ವರ್ಷಕ್ಕೆ ಕೋಟಿಗಟ್ಟಲೆ ಯೂರೋ ಖರ್ಚಾಗುತ್ತದೆ. ರೈತರು ಗೊಣಗುವುದಂತೂ ಇದ್ದೇ ಇದೆ. ಆದರೆ ಗೊಣಗುವುದಕ್ಕೂ ಒಂದು ಕಚೇರಿ, ಒಂದು ಫಾರಂ ಇದೆ.

ಊರಲ್ಲಿ ನಮ್ಮ ಕಾಕಾ ಹೇಳುವುದು ಬೇರೆ. "ಹಕ್ಕಿ ಬರ್ಲಿ ಬಿಡೋ ತಮ್ಮಾ, ಅವೂ ಹೊಟ್ಟಿಗೇ ಬರ್ತಾವ. ಆದ್ರ ಎಲ್ಲಾ ಬಿಟ್ಟು ನನ್ನ ಕಡ್ಲಿನ ಯಾಕ ತಿನ್ಬೇಕು?" ಡಬ್ಬ ಬಡಿದು ಓಡಿಸುತ್ತಾನೆ. ಪಕ್ಕದ ಹೊಲದವನು ಪಟಾಕಿ ಹಚ್ಚುತ್ತಾನೆ. ಹೆಬ್ಬಾತು ಎದ್ದು ಆಚೆ ಹೊಲಕ್ಕೆ ಹೋಗುತ್ತದೆ, ಅಷ್ಟೇ. ಅಲ್ಲಿಗೆ ಹಕ್ಕಿ ಸಂರಕ್ಷಣೆಯೂ ಮುಗಿಯಿತು, ಬೆಳೆ ಸಂರಕ್ಷಣೆಯೂ ಮುಗಿಯಿತು.

ವಲಸೆ ನೀರುಹಕ್ಕಿಗಳಿಗಾಗಿಯೇ ಒಂದು ದೊಡ್ಡ ಒಪ್ಪಂದ ಇದೆ. 1995ರಲ್ಲಿ ಇದೇ ದೇಶದ ಹೇಗ್ ನಗರದಲ್ಲಿ ಆಯಿತು, 1999ರಲ್ಲಿ ಜಾರಿಗೆ ಬಂತು. ಆಫ್ರಿಕಾ, ಯುರೋಪು, ಪಶ್ಚಿಮ ಏಷ್ಯಾದ ನಡುವೆ ಓಡಾಡುವ 255 ಜಾತಿಯ ಹಕ್ಕಿಗಳು ಅದರಡಿ ಬರುತ್ತವೆ. 80ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಭಾರತ ಅದರ ಸದಸ್ಯ ದೇಶವಲ್ಲ.

ಈ ಒಪ್ಪಂದದ ಬಗ್ಗೆ ನನಗೆ ಹಿಡಿಸಿದ್ದು ಅದರ ಘೋಷಣೆಗಳಲ್ಲ, ಲೆಕ್ಕಾಚಾರ. ಹೆಬ್ಬಾತುಗಳ ಸಂಖ್ಯೆ ವಿಪರೀತ ಏರಿದಾಗ 2016ರಲ್ಲಿ ಯುರೋಪಿನ ದೇಶಗಳು ಇದರಡಿಯಲ್ಲೇ ಒಂದು ವೇದಿಕೆ ಕಟ್ಟಿಕೊಂಡವು. ಒಂದು ಜಾತಿ ಎಷ್ಟಿದ್ದರೆ ಸಾಕು, ಎಷ್ಟಕ್ಕಿಂತ ಇಳಿಯಬಾರದು, ಯಾವ ದೇಶ ಎಷ್ಟು ಬೇಟೆಯಾಡಬಹುದು ಎಂದು ಕೂತು ಮಾತಾಡುತ್ತಾರೆ. ಹೌದು, ಬೇಟೆ. ಇಲ್ಲಿ ಪರವಾನಗಿ ಮೇಲೆ ವರ್ಷಕ್ಕೆ ಲಕ್ಷಕ್ಕೂ ಮೀರಿ ಹೆಬ್ಬಾತು ಕೊಲ್ಲುತ್ತಾರೆ. ವಿಮಾನ ನಿಲ್ದಾಣದ ಸುತ್ತ ಹಿಡಿದು ಗ್ಯಾಸ್ ಹಾಕಿ ಸಾಯಿಸುವುದೂ ಉಂಟು. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಯುರೋಪಿನವರದು ಬರೀ ಪಕ್ಷಿಪ್ರೇಮ ಅಂದುಕೊಂಡವರಿಗೆ ಇದು ಗೊತ್ತಿರಲಿ. ಕೊಲ್ಲದೇ ಸಹಿಸಿಕೊಳ್ಳುವ ವಿಷಯದಲ್ಲಿ ನಮ್ಮ ಹಿನ್ನೀರಿನ ರೈತನೇ ಮುಂದಿದ್ದಾನೆ. ಆದರೆ ಆ ಸಹನೆ ಯಾವ ಕಾಗದದಲ್ಲೂ ಇಲ್ಲ.

ನಮ್ಮ ಹಕ್ಕಿಗಳದು ಬೇರೆ ದಾರಿ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಪಟ್ಟೆತಲೆ ಹೆಬ್ಬಾತು 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಈ ಮಧ್ಯ ಏಷ್ಯಾದ ಹಾರುದಾರಿಗೆ 30 ದೇಶಗಳು ಸೇರುತ್ತವೆ. 2005ರಲ್ಲಿ ಒಂದು ಕ್ರಿಯಾ ಯೋಜನೆ ಆಯಿತು, ಆಮೇಲೆ ವರ್ಷಗಟ್ಟಲೆ ನಿಧಾನ. ಕೊನೆಗೆ 2024ರ ಫೆಬ್ರವರಿಯಲ್ಲಿ ಉಜ್ಬೆಕಿಸ್ತಾನದ ಸಮರ್‌ಕಂದ್‌ನಲ್ಲಿ ನಡೆದ, ವಲಸೆ ಪ್ರಾಣಿಗಳ ಕುರಿತ ವಿಶ್ವಸಂಸ್ಥೆ ಒಪ್ಪಂದದ ಸಭೆಯಲ್ಲಿ ಹೊಸ ಒಪ್ಪಿಗೆ ಸಿಕ್ಕಿತು. ಅದರ ಸಮನ್ವಯ ಘಟಕ ಭಾರತದಲ್ಲೇ ಇರಬೇಕೆಂದು ತೀರ್ಮಾನವಾಯಿತು. ಅಂದರೆ ಈಗ ಕೇಳಬೇಕಾದ್ದನ್ನು ಕೇಳಲು ಬಾನ್‌ವರೆಗೆ ಹೋಗಬೇಕಿಲ್ಲ.

ಏನು ಕೇಳಬೇಕು? ಮೊದಲನೆಯದು ಎಣಿಕೆ. ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ಶೇ. 1ರಷ್ಟು, ಇಲ್ಲವೇ ಎಲ್ಲ ಸೇರಿ 20,000 ನೀರುಹಕ್ಕಿ ನಿಯಮಿತವಾಗಿ ಬರುವ ಜಾಗ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಅರ್ಹ. ಗದಗಿನ ಮಾಗಡಿ ಕೆರೆ 2024ರಲ್ಲಿ ಆ ಪಟ್ಟಿಗೆ ಸೇರಿತು. ಗೋಕಾಕ ತಾಲೂಕಿನ ಧೂಪದಾಳದ ಘಟಪ್ರಭಾ ಪಕ್ಷಿಧಾಮ 1974ರಿಂದ ಇದ್ದರೂ ಸೇರಿಲ್ಲ. ಆಲಮಟ್ಟಿ ಹಿನ್ನೀರಂತೂ ದೂರದ ಮಾತು. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿ ಗಣತಿ ನಡೆಯುತ್ತದೆ, ಬಹುತೇಕ ಸ್ವಯಂಸೇವಕರಿಂದ. ಬಾಗಲಕೋಟೆ, ವಿಜಯಪುರದ ಕಾಲೇಜು ಹುಡುಗರು ಪ್ರತಿವರ್ಷ ತಪ್ಪದೆ ಹೆರಕಲ್‌ನಲ್ಲಿ ದುರ್ಬೀನು ಹಿಡಿದು ನಿಂತರೆ ಸಾಕು. ಹಕ್ಕಿ ಬಂದಾಗ ಮೊಬೈಲಲ್ಲಿ ಫೋಟೊ ಹಾಕುವುದಕ್ಕಿಂತ ಅದರ ಉಪಯೋಗ ಜಾಸ್ತಿ.

ಎರಡನೆಯದು ಆಲಮಟ್ಟಿ ಆಣೆಕಟ್ಟಿನ ಎತ್ತರ. 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಎಷ್ಟೋ ವರ್ಷದಿಂದ ನಡೆದಿದೆ. ಮಹಾರಾಷ್ಟ್ರಕ್ಕೆ ಸಾಂಗ್ಲಿ, ಕೊಲ್ಹಾಪುರದ ನೆರೆಯ ಭಯ. ನಮ್ಮವರಿಗೆ ನೀರಾವರಿ ಬೇಕು, ಮುಳುಗುವ ಹೊಲಕ್ಕೆ ನ್ಯಾಯವಾದ ದರ ಬೇಕು. ನೀರು ಏರಿದರೆ ದಂಡೆ ಸರಿಯುತ್ತದೆ, ರಾಜಹಂಸ ಕಾಲೂರುವ ತೆಳುನೀರೂ ಸರಿಯುತ್ತದೆ. ನಾನು ಓದಿದ ಚರ್ಚೆಗಳಲ್ಲಿ ಈ ಮಾತು ಬಂದದ್ದು ಕಾಣೆ. ಎತ್ತರ ಏರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ದೂರದಲ್ಲಿ ಕೂತು ಹಾಗೆ ಹೇಳುವ ಹಕ್ಕೂ ನನಗಿಲ್ಲ. ಆದರೆ ಯಾವ ತಿಂಗಳು ಎಷ್ಟು ನೀರು ಇಳಿಸುತ್ತಾರೆ ಅನ್ನುವ ಲೆಕ್ಕದಲ್ಲಿ ಹಕ್ಕಿಗೂ ಒಂದು ಸಾಲು ಇರಬಹುದಲ್ವಾ?

ಎಲ್ಲಕ್ಕಿಂತ ಕಷ್ಟದ್ದು ಕಾಕಾನ ಕಡಲೆ. ನೀರು ಇಳಿದ ಮೇಲೆ ಅವನು ಬಿತ್ತುವ ಎರೆಭೂಮಿ ಒಂದು ಕಾಲಕ್ಕೆ ಅವನದೇ. ಮುಳುಗಡೆಯಲ್ಲಿ ಸರಕಾರ ಸ್ವಾಧೀನ ಮಾಡಿಕೊಂಡಿದೆ, ದುಡ್ಡೂ ಕೊಟ್ಟಿದೆ. ಕಾಗದದ ಮೇಲೆ ಅಲ್ಲಿ ಬೆಳೆಯೇ ಇಲ್ಲ. ಆನೆ ತುಳಿದ ಹೊಲಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಸರಿ. ಇಲ್ಲದ ಬೆಳೆಯನ್ನು ಹೆಬ್ಬಾತು ತಿಂದರೆ ಯಾರು ಕೊಡಬೇಕು? ಫ್ರೀಸ್‌ಲ್ಯಾಂಡಿನ ಪದ್ಧತಿಯನ್ನು ಹಾಗೇ ತಂದರೆ ನಮ್ಮಲ್ಲಿ ಮೊದಲ ದಿನವೇ ನಿಂತುಹೋಗುತ್ತದೆ, ಅರ್ಜಿಯ ಜೊತೆ ಹಚ್ಚಲು ಪಹಣಿ ಇಲ್ಲ. ಬೇರೆ ದಾರಿ ಬೇಕು. ನೀರು ಇಳಿದ ಜಮೀನನ್ನು ಒಂದು ಹಂಗಾಮಿಗೆ ಲಿಖಿತ ಗುತ್ತಿಗೆ ಮೇಲೆ ಹಳೇ ಮಾಲೀಕರಿಗೇ ಕೊಡಬಹುದು. ದಂಡೆಗೆ ಹತ್ತಿದ ಪಟ್ಟಿಯನ್ನು ಹಕ್ಕಿಗೆ ಬಿಟ್ಟವರಿಗೆ ಎಕರೆಗಿಷ್ಟು ಅಂತ ಕೊಡಬಹುದು. ಗುತ್ತಿಗೆ ಪತ್ರ ಕೈಯಲ್ಲಿದ್ದರೆ ಅದೇ ಕಾಗದದ ಮೇಲೆ ಬೆಳೆ ಸಾಲವನ್ನೂ ಕೇಳಬಹುದು. ನಮ್ಮ ಕಾಕಾಗೆ ಹೆಬ್ಬಾತಿಗಿಂತ ಅದೇ ದೊಡ್ಡ ಚಿಂತೆ.