ಎಸೆಯದೇ ಉಳಿದ ಚೆಂಡಿನ ಬೆಲೆ

2025ರ ಆಗಸ್ಟ್ ಕೊನೆಯ ವಾರದಲ್ಲಿ ಅಮೆರಿಕದಲ್ಲಿರುವ ನಮ್ಮೂರಿನ ತಂಡ ಬಾಲ್ಟಿಮೋರ್ ರೇವನ್ಸ್, ಕೈಲ್ ಹ್ಯಾಮಿಲ್ಟನ್ ಅವರ ಒಪ್ಪಂದವನ್ನು ನಾಲ್ಕು ವರ್ಷಕ್ಕೆ ವಿಸ್ತರಿಸಿತು. ಮೊತ್ತ 10.04 ಕೋಟಿ ಡಾಲರ್, ಅಂದರೆ ವರ್ಷಕ್ಕೆ ಸರಾಸರಿ 2.51 ಕೋಟಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೇಫ್ಟಿ ಸ್ಥಾನದಲ್ಲಿ ಆಡುವವರಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಅದೇ ವಾರ ಗ್ರೀನ್ ಬೇ ಪ್ಯಾಕರ್ಸ್ ತಂಡ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಮೈಕಾ ಪಾರ್ಸನ್ಸ್‌ಗೆ ವರ್ಷಕ್ಕೆ 4.7 ಕೋಟಿ ಕೊಡಲು ಒಪ್ಪಿತು. ಕೆಲವೇ ವಾರಗಳ ಹಿಂದೆ ಅಂಚಿನಲ್ಲಿ ಚೆಂಡು ಹಿಡಿಯುವವರನ್ನು ಕಾಯುವ ಕಾರ್ನರ್‌ಬ್ಯಾಕ್ ಸಾಸ್ ಗಾರ್ಡ್ನರ್ 3.01 ಕೋಟಿ ಪಡೆದಿದ್ದರು. ದಾಖಲೆ ಬರೆದ ಸೇಫ್ಟಿಯೂ ರಕ್ಷಣಾ ಪಡೆಯ ಉಳಿದ ದೊಡ್ಡ ಆಟಗಾರರ ಸಾಲಿನಲ್ಲಿ ಹಿಂದೆಯೇ ಉಳಿದ. ಇದು ಅವನ ಯೋಗ್ಯತೆಗೆ ತಕ್ಕ ಅಂತರವಲ್ಲ, ಲೆಕ್ಕ ಹಾಕುವ ಪದ್ಧತಿಯಲ್ಲಿರುವ ದೋಷ ಎಂದು ನಾನು ಬಲವಾಗಿ ನಂಬುತ್ತೇನೆ. ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರ ಕಣ್ಣಿಗೆ ಆ ದೋಷ ಬೇಗ ಬೀಳುತ್ತದೆ.

ಈ ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಕ್ಷಣೆಗೆ ನಿಂತ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು ಸೇಫ್ಟಿ. ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಕ್ವಾರ್ಟರ್‌ಬ್ಯಾಕ್ ಉದ್ದಕ್ಕೆ ಎಸೆದರೆ ಇವರೇ ಕೊನೆಯ ಕಾವಲು. ಯಾರಾದರೂ ಚೆಂಡು ಹಿಡಿದು ನುಸುಳಿ ಓಡಿದರೆ ಕೆಡವಬೇಕಾದವರೂ ಇವರೇ. ಇವರು ತಪ್ಪಿದರೆ ಹಿಂದೆ ಇನ್ನೊಬ್ಬರಿಲ್ಲ.

ದೂರದರ್ಶನದಲ್ಲಿ ಇವರು ಕಾಣುವುದೇ ಅಪರೂಪ. ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ. ಸೇಫ್ಟಿ ಚೌಕಟ್ಟಿನ ಆಚೆ ಇರುತ್ತಾನೆ. ಎಸೆತ ಅವನತ್ತ ಹೋದರೆ ಮಾತ್ರ ಅವನ ಮುಖ ತೆರೆಯ ಮೇಲೆ ಬರುತ್ತದೆ. ಬಾಲ್ಟಿಮೋರ್ ಕ್ರೀಡಾಂಗಣದ ಮೇಲಂತಸ್ತಿನಲ್ಲಿ ಕುಳಿತು ನೋಡಿದಾಗ ಆಟದ ರೂಪವೇ ಬೇರೆ. ಅಲ್ಲಿಂದ ನಾನು ಕಂಡ ಒಂದು ಆಟವನ್ನು ಹೇಳುತ್ತೇನೆ. ಚೆಂಡನ್ನು ಮುಂದೊಯ್ಯಲು ಎದುರಾಳಿಗೆ ಮೂರನೆಯ ಪ್ರಯತ್ನ, ಚೆಂಡು ತಮ್ಮಲ್ಲೇ ಉಳಿಯಲು ಇನ್ನೂ ಏಳೆಂಟು ಗಜ ಬೇಕು. ಹ್ಯಾಮಿಲ್ಟನ್ ನುಗ್ಗುವವರಂತೆ ಎರಡು ಹೆಜ್ಜೆ ಮುಂದೆ ಬಂದರು. ಚೆಂಡು ಕೈ ಬದಲಾದ ಕ್ಷಣದಲ್ಲೇ ಸೊಂಟ ತಿರುಗಿಸಿ ಹಿಂದಕ್ಕೆ ಓಡಿ ಮೈದಾನದ ನಡುಭಾಗವನ್ನು ಮುಚ್ಚಿಬಿಟ್ಟರು. ಕ್ವಾರ್ಟರ್‌ಬ್ಯಾಕ್ ಅತ್ತ ನೋಡಿದ, ಚೆಂಡಿನ ಮೇಲೆ ಎಡಗೈ ತಟ್ಟಿದ, ತೋಳು ಎತ್ತಿದವನು ಮತ್ತೆ ಇಳಿಸಿದ. ಕೊನೆಗೆ ಪಕ್ಕದಲ್ಲಿದ್ದವನಿಗೆ ಚಿಕ್ಕದಾಗಿ ಎಸೆದ. ಮೂರು ಗಜಕ್ಕೆ, ರಕ್ಷಣೆಯ ನಡುಸಾಲಿನ ಲೈನ್‌ಬ್ಯಾಕರ್ ಅವನನ್ನು ಕೆಡವಿದ. ಇಡೀ ಕ್ರೀಡಾಂಗಣ ಲೈನ್‌ಬ್ಯಾಕರ್ ಹೆಸರು ಕೂಗಿತು. ಅಂಕಿಅಂಶದ ಹಾಳೆಯಲ್ಲಿ ಕೆಡವಿದ ಲೆಕ್ಕ, ಅಂದರೆ ಟ್ಯಾಕಲ್ ಕೂಡ ಅವನದೇ. ಹ್ಯಾಮಿಲ್ಟನ್ ಹೆಸರಿನ ಮುಂದೆ ಏನೂ ಇಲ್ಲ.

ಕ್ರಿಕೆಟ್ಟಿನ ಸ್ಕೋರ್ ಪುಸ್ತಕ ಇಂಥ ಅನ್ಯಾಯ ಮಾಡುವುದಿಲ್ಲ. ಏನೂ ಆಗದಂತೆ ನೋಡಿಕೊಂಡವನಿಗೂ ಅಲ್ಲಿ ಒಂದು ಅಂಕಣವಿದೆ. ಮೇಡನ್ ಓವರ್ ಎಂದರೆ ಅದೇ ತಾನೆ? 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಬಾಪು ನಾಡಕರ್ಣಿ 32 ಓವರ್ ಎಸೆದು 27 ಮೇಡನ್ ಮಾಡಿದರು, ಕೊಟ್ಟದ್ದು ಐದು ರನ್, ವಿಕೆಟ್ ಒಂದೂ ಇಲ್ಲ. ವಿಕೆಟ್ ಇಲ್ಲದ ಆ ಬೌಲಿಂಗ್ ಅನ್ನು ಇಂದಿಗೂ ನೆನೆಯುತ್ತೇವೆ. ಜೊತೆಗಾರನ ಪಾಲನ್ನೂ ನಮ್ಮ ಪುಸ್ತಕ ಬರೆದಿಡುತ್ತದೆ. ಕುಂಬ್ಳೆ ಅವರ ಟೆಸ್ಟ್ ವಿಕೆಟ್‌ಗಳಲ್ಲಿ 55ರ ಪಕ್ಕದಲ್ಲಿ ಕ್ಯಾಚ್ ಹಿಡಿದ ದ್ರಾವಿಡ್ ಹೆಸರಿದೆ. ಸ್ಲಿಪ್‌ನಲ್ಲಿ ದ್ರಾವಿಡ್ ಇದ್ದಾರೆ ಎಂಬ ಭರವಸೆ ಕುಂಬ್ಳೆ ಅವರ ಬೌಲಿಂಗ್‌ಗೆ ಏನು ಕೊಟ್ಟಿತು ಎಂಬುದನ್ನು ಬೆಂಗಳೂರಿನ ಯಾವ ಕ್ರಿಕೆಟ್ ಪ್ರೇಮಿಗೂ ಬಿಡಿಸಿ ಹೇಳಬೇಕಿಲ್ಲ.

ಎಣಿಕೆಗೆ ಸಿಗುವುದನ್ನೇ ನಂಬಿ ಕೈ ಸುಟ್ಟುಕೊಂಡ ಉದಾಹರಣೆ ಬೇಕೆಂದರೆ ಸೇಫ್ಟಿ ಜಮಾಲ್ ಆಡಮ್ಸ್ ಪ್ರಕರಣ ಇದೆ. 2020ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡ ಅವರಿಗಾಗಿ ನ್ಯೂಯಾರ್ಕ್ ಜೆಟ್ಸ್‌ಗೆ ಎರಡು ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನೂ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ಅದರ ಮೇಲೆ ಇನ್ನಷ್ಟನ್ನೂ ಬಿಟ್ಟುಕೊಟ್ಟಿತು. ಆ ಋತುವಿನಲ್ಲಿ ಆಡಮ್ಸ್ 9.5 ಸ್ಯಾಕ್ ಮಾಡಿದರು, ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರು; ಹಿಂಬದಿಯ ರಕ್ಷಕರಲ್ಲಿ ಅದು ದಾಖಲೆ. ಮರುವರ್ಷವೇ ನಾಲ್ಕು ವರ್ಷಕ್ಕೆ ಸುಮಾರು ಏಳು ಕೋಟಿ ಡಾಲರ್ ಒಪ್ಪಂದ. ಆದರೆ ಸ್ಯಾಕ್ ಸೇಫ್ಟಿಯ ಮುಖ್ಯ ಕೆಲಸವಲ್ಲ. ಅವನನ್ನು ಮುಂದೆ ಕಳುಹಿಸಿದಷ್ಟು ಬಾರಿ ಹಿಂದೆ ಜಾಗ ತೆರವಾಗುತ್ತದೆ, ಆ ತೆರವಿನ ನಷ್ಟ ಯಾರ ಹೆಸರಿಗೂ ಬರೆಯಲ್ಪಡುವುದಿಲ್ಲ. ಮುಂದೆ ಗಾಯಗಳ ಮೇಲೆ ಗಾಯ. 2024ರ ಮಾರ್ಚ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಗಾಯಕ್ಕೆ ಆಡಮ್ಸ್‌ರನ್ನು ದೂರಲಾಗದು. ಕೊಂಡವರ ಕಣ್ಣು ಸ್ಯಾಕ್ ಅಂಕಣದ ಮೇಲಿತ್ತು ಎಂಬುದಷ್ಟೇ ನನ್ನ ದೂರು.

ಅದೇ ಸಿಯಾಟಲ್ ತಂಡದ ಬಳಿ ಅದಕ್ಕೆ ಮೊದಲು ಅರ್ಲ್ ಥಾಮಸ್ ಇದ್ದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. 2010ರ ಡ್ರಾಫ್ಟ್‌ನಲ್ಲಿ 14ನೆಯವರಾಗಿ ಬಂದ ಥಾಮಸ್ ಹಿಂಬದಿಯ ನಡುಭಾಗವನ್ನು ಬಹುಪಾಲು ಒಬ್ಬರೇ ಕಾಯುತ್ತಿದ್ದರು. ಅವರು ಅಲ್ಲಿದ್ದಾರೆಂಬ ಧೈರ್ಯದಿಂದಲೇ ಕಾರ್ನರ್‌ಬ್ಯಾಕ್ ರಿಚರ್ಡ್ ಶರ್ಮನ್ ಅಂಚಿನಲ್ಲಿ ಎದುರಾಳಿಯ ಮೈಗೆ ಅಂಟಿಕೊಂಡು ಆಡಬಲ್ಲವರಾದರು, ಇನ್ನೊಬ್ಬ ಸೇಫ್ಟಿ ಕ್ಯಾಮ್ ಚಾನ್ಸೆಲರ್ ಮುಂದೆ ಬಂದು ಓಟ ತಡೆಯಬಲ್ಲವರಾದರು. 2012ರಿಂದ 2015ರವರೆಗೆ ಸತತ ನಾಲ್ಕು ಋತುಗಳಲ್ಲಿ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಸಿಯಾಟಲ್. 2014ರ ಫೆಬ್ರವರಿಯ ಸೂಪರ್ ಬೌಲ್ ಅಂತಿಮ ಪಂದ್ಯದಲ್ಲಿ ಡೆನ್ವರ್ ತಂಡವನ್ನು 43–8ರಿಂದ ಮಣ್ಣು ಮುಕ್ಕಿಸಿದ್ದೂ ಇದೇ ಪಡೆ. 2016ರ ಡಿಸೆಂಬರ್ 4ರಂದು ಥಾಮಸ್ ಕಾಲು ಮುರಿಯಿತು. ಮುಂದಿನ ಭಾನುವಾರ ಗ್ರೀನ್ ಬೇಯಲ್ಲಿ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಆರಂಭದಲ್ಲೇ ತಮ್ಮ ತಂಡದ ಡವಾಂಟೆ ಆಡಮ್ಸ್‌ಗೆ 66 ಗಜದ ಟಚ್‌ಡೌನ್ ಎಸೆದರು, ಅಂದರೆ ಚೆಂಡು ನೇರ ಕೊನೆಯ ಗೆರೆ ದಾಟಿ ಅಂಕವಾಯಿತು. ಸಿಯಾಟಲ್ 38–10ರಿಂದ ಸೋತಿತು. ಒಂದು ಪಂದ್ಯದಿಂದ ಎಲ್ಲವೂ ಸಾಬೀತಾಗದು ಎಂಬುದು ನಿಜ. ಆದರೂ ಅದೇ ಶರ್ಮನ್, ಅದೇ ಚಾನ್ಸೆಲರ್, ಅದೇ ತರಬೇತುದಾರರು. ಹಿಂದೆ ನಿಂತವರು ಮಾತ್ರ ಬೇರೆ. 2018ರಲ್ಲಿ ಹೊಸ ಒಪ್ಪಂದಕ್ಕಾಗಿ ಥಾಮಸ್ ಜಗ್ಗಾಡಿದಾಗ ತಂಡ ಜಗ್ಗಲಿಲ್ಲ. ಎರಡು ವರ್ಷದ ನಂತರ ಸ್ಯಾಕ್ ಮಾಡುವ ಸೇಫ್ಟಿಗೆ ಅದೇ ತಂಡ ಬೊಕ್ಕಸ ತೆರೆಯಿತು.

ಸೇಫ್ಟಿಯ ನಿಜವಾದ ಬೆಲೆ ಗೊತ್ತಿರುವುದು ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ. ಬಾಲ್ಟಿಮೋರ್‌ನ ಎಡ್ ರೀಡ್ ಅವರ ಅಂಗಿಯ ಸಂಖ್ಯೆ 20. ಅವರ ಎದುರು ಆಡುವಾಗ ಟಾಮ್ ಬ್ರೇಡಿ ತಮ್ಮ ಮುಂಗೈ ಪಟ್ಟಿಯ ಮೇಲೆ, ಪ್ರತಿ ಆಟದಲ್ಲೂ 20 ಎಲ್ಲಿದೆ ನೋಡು ಎಂದು ಬರೆದುಕೊಂಡಿದ್ದರು. ಈ ಆಟ ಕಂಡ ಅತಿ ಯಶಸ್ವಿ ಕ್ವಾರ್ಟರ್‌ಬ್ಯಾಕ್ ತನಗೆ ತಾನೇ ಕೊಟ್ಟುಕೊಂಡ ಎಚ್ಚರಿಕೆ ಅದು. ರೀಡ್ 64 ಇಂಟರ್‌ಸೆಪ್ಷನ್ ಮಾಡಿದ್ದಾರೆ, ಅಂದರೆ ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿದಿದ್ದಾರೆ, ಹಿಡಿದ ಚೆಂಡಿನೊಂದಿಗೆ ಒಟ್ಟು 1,590 ಗಜ ಓಡಿದ್ದಾರೆ. ಆ ಓಟ ಲೀಗ್‌ನ ದಾಖಲೆ. ಈ ಎರಡು ಅಂಕಿಗಳಿಗಿಂತ ಆ ಪಟ್ಟಿಯ ಮೇಲಿನ ಬರಹವೇ ನನಗೆ ದೊಡ್ಡ ಪುರಾವೆ. ಇಂಟರ್‌ಸೆಪ್ಷನ್ ಆಗಬೇಕಾದರೆ ಎದುರಾಳಿ ಎಸೆಯಲೇಬೇಕು. ಭಯಪಟ್ಟು ಎಸೆಯದೇ ಬಿಟ್ಟ ಚೆಂಡುಗಳನ್ನು ಯಾರು ಎಣಿಸಿದರು?

ತಪ್ಪಾದರೆ ಮಾತ್ರ ತಪ್ಪದೆ ಎಣಿಸುತ್ತಾರೆ. 2018ರ ಜನವರಿ 14ರಂದು ಮಿನಿಯಾಪೊಲಿಸ್‌ನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ 24–23ರಿಂದ ಮುಂದಿತ್ತು, ಉಳಿದದ್ದು ಹತ್ತು ಸೆಕೆಂಡ್. ವೈಕಿಂಗ್ಸ್‌ನ ಸ್ಟೆಫಾನ್ ಡಿಗ್ಸ್ ಅಂಚಿನ ಗೆರೆಯ ಬಳಿ ಚೆಂಡಿಗಾಗಿ ಎಗರಿದರು. ಮೊದಲ ವರ್ಷದ ಸೇಫ್ಟಿ ಮಾರ್ಕಸ್ ವಿಲಿಯಮ್ಸ್ ತಲೆ ತಗ್ಗಿಸಿ ನುಗ್ಗಿ, ಡಿಗ್ಸ್‌ರ ಕೆಳಗೆ ಹಾದು, ತಮ್ಮದೇ ತಂಡದವನಿಗೆ ಡಿಕ್ಕಿ ಹೊಡೆದರು. 61 ಗಜದ ಟಚ್‌ಡೌನ್, ಸೇಂಟ್ಸ್ ಋತುವೇ ಮುಗಿಯಿತು. ಆ ವರ್ಷವೆಲ್ಲ ಚೆನ್ನಾಗಿ ಆಡಿದ್ದ ಹುಡುಗನನ್ನು ಜನ ಇಂದಿಗೂ ಆ ಒಂದು ಕ್ಷಣದಿಂದಲೇ ಗುರುತಿಸುತ್ತಾರೆ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವಿಲಿಯಮ್ಸ್ 2022ರಲ್ಲಿ ಬಾಲ್ಟಿಮೋರ್‌ಗೇ ಬಂದರು. 2024ರ ಋತುವಿನ ಮೊದಲರ್ಧದಲ್ಲಿ ನಮ್ಮ ತಂಡದ ಹಿಂಬದಿ ಸೋರುತ್ತಿತ್ತು. ಉದ್ದನೆಯ ಎಸೆತಗಳೆಲ್ಲ ಗುರಿ ಮುಟ್ಟುತ್ತಿದ್ದವು. ನವೆಂಬರ್‌ನಲ್ಲಿ ತರಬೇತುದಾರರು ಹ್ಯಾಮಿಲ್ಟನ್‌ರನ್ನು ಮುಂದಿನ ಕೆಲಸದಿಂದ ಬಿಡಿಸಿ ಹೆಚ್ಚಾಗಿ ಹಿಂದೆ ನಿಲ್ಲಿಸಿದರು, ವಿಲಿಯಮ್ಸ್ ಹೊರಗುಳಿದರು. ರಕ್ಷಣೆ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಹ್ಯಾಮಿಲ್ಟನ್ ಅವರ ಇಂಟರ್‌ಸೆಪ್ಷನ್ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು. ನನ್ನ ಮಗ ಫ್ಯಾಂಟಸಿ ಲೀಗ್‌ನ ಲೆಕ್ಕ ಹಿಡಿದು, “ಅಪ್ಪಾ, ಈ ವರ್ಷ ಅವರದು ಅಷ್ಟಕ್ಕಷ್ಟೇ” ಎಂದ. ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ವರ್ಷ ಅದೇ.

ಈ ದೇಶದವರಿಗೆ ಅಳೆಯಲು ಬರುವುದಿಲ್ಲ ಎಂದು ಹೇಳುತ್ತಿಲ್ಲ. ಭುಜದ ಕವಚದೊಳಗೆ ಚಿಪ್ ಇಟ್ಟು ಪ್ರತಿ ಆಟಗಾರ ಎಲ್ಲಿದ್ದಾನೆಂದು ಸೆಕೆಂಡಿಗೆ ಹತ್ತು ಬಾರಿ ದಾಖಲಿಸುತ್ತಾರೆ. ಇಪ್ಪತ್ತೆರಡೂ ಜನ ಕಾಣುವ, ಹಿಂದೆ ತರಬೇತುದಾರರಿಗಷ್ಟೇ ಸಿಗುತ್ತಿದ್ದ ದೃಶ್ಯಾವಳಿಯನ್ನು 2012ರಿಂದ ಹಣ ಕೊಟ್ಟು ಯಾರು ಬೇಕಾದರೂ ನೋಡಬಹುದು. ಯಾವ ಆಟಗಾರನಿಗೆ ಎಷ್ಟು ಸಂಬಳ ಎಂಬುದೂ ಎಲ್ಲರಿಗೂ ಗೊತ್ತು.  ನಮ್ಮ ಕಡೆಯ ಐಪಿಎಲ್ ಹರಾಜಿನಲ್ಲೂ ಬರೀ ಒಳ್ಳೆಯ ಫೀಲ್ಡರ್‌ಗೆಂದು ಯಾರೂ ಕೈ ಎತ್ತುವುದಿಲ್ಲ. ಇಷ್ಟೆಲ್ಲ ಸಾಧನ ಇದ್ದೂ ಇಲ್ಲಿನ ಸಂಜೆಯ ಸುದ್ದಿ, ಪ್ರಶಸ್ತಿಯ ಮತ, ಒಪ್ಪಂದದ ಚೌಕಾಸಿ ಮೂರೂ ಟ್ಯಾಕಲ್, ಸ್ಯಾಕ್, ಇಂಟರ್‌ಸೆಪ್ಷನ್ ಸುತ್ತಲೇ ಗಿರಕಿ ಹೊಡೆಯುತ್ತವೆ ಎಂಬುದೇ ನನ್ನ ಬೇಸರ. ಆ ಚಿಪ್‌ಗಳ ಮಾಹಿತಿಯಿಂದ, ಒಬ್ಬ ಸೇಫ್ಟಿ ಹಿಂದೆ ನಿಂತಾಗ ಕ್ವಾರ್ಟರ್‌ಬ್ಯಾಕ್ ನಡುಭಾಗಕ್ಕೆ ಎಷ್ಟು ಬಾರಿ ಎಸೆದ, ಅವನಿಲ್ಲದಾಗ ಎಷ್ಟು ಬಾರಿ ಎಸೆದ ಎಂಬ ಲೆಕ್ಕವನ್ನು ಪಂದ್ಯದ ಹಾಳೆಯಲ್ಲೇ ಅಚ್ಚು ಹಾಕಬೇಕು.

ಎಣಿಕೆಗೆ ಸಿಕ್ಕಿದ್ದನ್ನಾದರೂ ಇವರು ಗೌರವಿಸಿದರೇ ಎಂದು ಕೇಳಿದರೆ, ಅದಕ್ಕೂ ಉತ್ತರ ಕಹಿಯೇ. 81 ಇಂಟರ್‌ಸೆಪ್ಷನ್‌ಗಳ, ಇಂದಿಗೂ ಮುರಿಯದ ದಾಖಲೆಯೊಂದಿಗೆ 1979ರಲ್ಲಿ ಆಟ ಬಿಟ್ಟ ಸೇಫ್ಟಿ ಪಾಲ್ ಕ್ರಾಸ್ ಅವರಿಗೆ, ಮಹಾನ್ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 1998ರಲ್ಲಿ. 1984ರ ಅತ್ಯುತ್ತಮ ರಕ್ಷಣಾ ಆಟಗಾರ ಕೆನ್ನಿ ಈಸ್ಲಿ, ಅವರೂ ಸೇಫ್ಟಿಯೇ, 1987ರ ಋತುವಿನೊಂದಿಗೆ ಆಟ ಮುಗಿಸಿ 2017ರವರೆಗೆ ಕಾದರು. ಆಮೇಲೆ ಬ್ರಯಾನ್ ಡಾಕಿನ್ಸ್, ರೀಡ್, ಪೊಲಮಾಲು, ಜಾನ್ ಲಿಂಚ್, ಲೆರಾಯ್ ಬಟ್ಲರ್ ಎಂಬ ಸೇಫ್ಟಿಗಳು ಸಾಲಾಗಿ ಒಳಗೆ ಬಂದರು. ಮತ ಹಾಕುವವರು ಇಪ್ಪತ್ತು ವರ್ಷ ತಡವಾಗಿಯಾದರೂ ದೃಶ್ಯಾವಳಿ ನೋಡಲು ಕುಳಿತರು. ಸಂಬಳ ನಿರ್ಧರಿಸುವವರು ಅಷ್ಟು ಕಾಲ ಕಾಯಬೇಕಾದ ಅಗತ್ಯ ಏನಿದೆ?